ದಫ್ತರಕ್ಕೊಂದು ತೇಪೆ

ಹಿಂದಿನ ಕಾಲಕ್ಕೆ ನಮ್ಮ ಹಳ್ಳಿಗಳಲ್ಲಿ ಕುಲಕರ್ಣಿಯ ದಫ್ತರವೆಂದರೆ ಸಾಮಾನ್ಯ ವಸ್ತುವಾಗಿರಲಿಲ್ಲ. ಯಾವ ಹೊಲ ಯಾರದು, ಯಾರಿಗೆ ಯಾವ ಹಕ್ಕಿದೆ ಎಂಬುದೆಲ್ಲ ಆ ಬಟ್ಟೆಯ ಗಂಟಿನೊಳಗೆ ಇರುತ್ತಿತ್ತು. ಮನೆಯ ಬಾಗಿಲಿಗೆ ಎಷ್ಟು ಬೀಗ ಜಡಿದರೇನು? ದಫ್ತರದಲ್ಲಿಯೇ ಹೆಸರು ಬದಲಾಯಿತೆಂದರೆ ಹೊಲ ಕೈಬಿಟ್ಟಂತೆಯೇ.

ಇಂದಿನ ಕಚೇರಿಗಳಿಗೂ ಅಂಥದೊಂದು ದಫ್ತರವಿದೆ. ಹಿಂಜವಡಿಗೋ ಖರಾಡಿಗೋ ಕೆಲಸಕ್ಕೆ ಹೋಗುವ ನಮ್ಮ ಮಕ್ಕಳು ಬೆಳಗ್ಗೆ ಕಂಪ್ಯೂಟರಿನ ಮುಂದೆ ಕುಳಿತು ತಮ್ಮ ಹೆಸರನ್ನೂ ಪಾಸ್‌ವರ್ಡನ್ನೂ ಒತ್ತುತ್ತಾರಷ್ಟೆ. ಎದುರಿಗಿರುವ ಯಂತ್ರಕ್ಕೆ ಅವರ ಗುರುತಿಲ್ಲ. ಅದು ಒಳಗಿನ ಕೋಣೆಯ ಇನ್ನೊಂದು ಯಂತ್ರವನ್ನು ಕೇಳುತ್ತದೆ: “ಇವರು ನಮ್ಮವರೇ? ಯಾವ ಕಪಾಟು ತೆರೆಯುವ ಅಧಿಕಾರ ಇವರಿಗಿದೆ?” ಅದು ಹೌದೆಂದರೆ ಬಾಗಿಲು ತೆರೆಯಿತು. ಈ ದಫ್ತರಕ್ಕೆ ಡೈರೆಕ್ಟರಿ ಎಂದು ಹೆಸರು. ಅದರೊಡನೆ ಮಾತಾಡುವ ಎಲ್‌ಡ್ಯಾಪ್ ಎಂಬ ಪದ್ಧತಿ 1993ರಲ್ಲಿ ಅಮೆರಿಕೆಯ ಮಿಶಿಗನ್ ವಿಶ್ವವಿದ್ಯಾಲಯದಲ್ಲಿ ಹುಟ್ಟಿತು. ವಿಂಡೋಸ್ 2000ರೊಡನೆ ಬಂದ ಮೈಕ್ರೋಸಾಫ್ಟಿನ ಆಕ್ಟಿವ್ ಡೈರೆಕ್ಟರಿ ಇಂದು ಜಗತ್ತಿನ ಅಸಂಖ್ಯ ಕಚೇರಿಗಳ ದಫ್ತರವಾಗಿದೆ.

“ಹೌದು” ಎಂಬ ಒಂದು ಮಾತಿನ ಬೆಲೆ ಎಷ್ಟೆಂಬುದು ಪುಣೆಯಲ್ಲಿರುವ ನಮಗೆ ಗೊತ್ತಿರುವ ಸಂಗತಿ. 2018ರ ಆಗಸ್ಟ್ 11, ಎರಡನೆಯ ಶನಿವಾರ, ಬ್ಯಾಂಕುಗಳಿಗೆ ರಜೆ. 1906ರಿಂದ ಈ ಊರಲ್ಲಿ ನಡೆದು ಬಂದ ಕಾಸ್ಮಾಸ್ ಸಹಕಾರಿ ಬ್ಯಾಂಕಿನ ಹೆಸರಿನ ನಕಲು ಕಾರ್ಡುಗಳಿಂದ ಅಂದು 28 ದೇಶಗಳಲ್ಲಿ ಹಣ ಎಳೆಯಲಾಯಿತು. ಹಣ ಕೊಡಬಹುದೇ ಎಂಬ ಪ್ರಶ್ನೆ ಬ್ಯಾಂಕಿನ ಮೂಲ ಲೆಕ್ಕದವರೆಗೆ ತಲುಪಲೇ ಇಲ್ಲ. ನಡುದಾರಿಯಲ್ಲಿ ಕಳ್ಳರು ಕೂರಿಸಿದ್ದ ಯಂತ್ರವಿದ್ಯೆಯೇ “ಹೌದು, ಕೊಡಿರಿ” ಎಂದು ಉತ್ತರಿಸುತ್ತಿತ್ತು. 13ರಂದು ಹಾಂಕಾಂಗಿನ ಖಾತೆಯೊಂದಕ್ಕೂ ಹಣ ಹರಿಯಿತು. ಒಟ್ಟು ಹೋದದ್ದು ಸುಮಾರು 94 ಕೋಟಿ ರೂಪಾಯಿ. ಅಲ್ಲಿ ಮೋಸವಾದದ್ದು ಎ.ಟಿ.ಎಂ. ವ್ಯವಸ್ಥೆಯಲ್ಲಿ, ಡೈರೆಕ್ಟರಿಯಲ್ಲಲ್ಲ. ಆದರೂ ಪಾಠ ಒಂದೇ: ಎಲ್ಲರೂ ನಂಬುವವನ ಬಾಯಿಯಿಂದಲೇ ಕಳ್ಳ ಮಾತಾಡತೊಡಗಿದರೆ ಬೀಗಗಳೆಲ್ಲ ವ್ಯರ್ಥ.

ಡೈರೆಕ್ಟರಿಯಲ್ಲಿಯೇ ಅಂಥ ಬಿರುಕೊಂದು 2020ರಲ್ಲಿ ಬೆಳಕಿಗೆ ಬಂದಿತು. ಡಚ್ ಸಂಸ್ಥೆಯಾದ ಸೆಕ್ಯೂರಾದ ಟಾಮ್ ಟೆರ್ವೋರ್ಟ್ ಕಂಡುಹಿಡಿದ ಇದಕ್ಕೆ ಝೀರೋಲಾಗನ್ ಎಂದು ಹೆಸರಾಯಿತು. ಯಂತ್ರವೊಂದು ದಫ್ತರದ ಯಂತ್ರಕ್ಕೆ ಗುರುತು ಹೇಳುವಾಗ, ಇಬ್ಬರಿಗೇ ತಿಳಿದ ಗುಟ್ಟನ್ನು ಬೆರೆಸಿ ಗೂಢಲಿಪಿಯಲ್ಲಿ ಉತ್ತರ ಕಳಿಸಬೇಕು. ಆ ಗೂಢಲಿಪಿಯ ಆರಂಭದ ಸಂಖ್ಯೆ ಪ್ರತಿಸಲವೂ ಹೊಸದಾಗಿರತಕ್ಕದ್ದು. ಇಲ್ಲಿ ಅದನ್ನು ಬರಿಯ ಸೊನ್ನೆಗಳಾಗಿಯೇ ಇಟ್ಟುಬಿಟ್ಟಿದ್ದರು. ಹೊರಗಿನವನು ತಾನೂ ಸೊನ್ನೆಗಳನ್ನೇ ಕಳಿಸುತ್ತ ಹೋದರೆ, ಸರಾಸರಿ 256 ಸಲಕ್ಕೊಮ್ಮೆ ಉತ್ತರ ಸರಿಬೀಳುತ್ತಿತ್ತು! ಎಷ್ಟು ಸಲ ತಪ್ಪಿದರೂ ಸಂಶಯಪಡದ ಕಾವಲುಗಾರನಾದ್ದರಿಂದ ಇದು ಕೆಲವೇ ಸೆಕೆಂಡುಗಳ ಕೆಲಸ. ಕಚೇರಿಯ ಜಾಲದೊಳಗೆ ಹೇಗೋ ಕಾಲಿಟ್ಟವನು ಯಾವ ಗುಟ್ಟೂ ತಿಳಿಯದೆ ದಫ್ತರಕ್ಕೇ ಒಡೆಯನಾಗಬಹುದಿತ್ತು. ಅಪಾಯವನ್ನು ಅಳೆಯುವವರು ಇದಕ್ಕೆ ಹತ್ತಕ್ಕೆ ಹತ್ತು ಅಂಕ ಕೊಟ್ಟರು.

ಮೈಕ್ರೋಸಾಫ್ಟ್ ಇದಕ್ಕೆ ತೇಪೆ ಹೊರಡಿಸಿದ್ದು 2020ರ ಆಗಸ್ಟ್ 11ರಂದು. ಕಾಸ್ಮಾಸ್ ಪ್ರಕರಣಕ್ಕೆ ಸರಿಯಾಗಿ ಎರಡು ವರ್ಷ. ಬಿರುಕಿನ ವಿವರ ಸೆಪ್ಟೆಂಬರಿನಲ್ಲಿ ಪ್ರಕಟವಾಯಿತು. ಆಗ ಕಳ್ಳರಿಗೂ ದಾರಿ ತಿಳಿಯಿತು. ಸೆಪ್ಟೆಂಬರ್ 18ರಂದು ಅಮೆರಿಕೆಯ ಸರಕಾರ ತನ್ನ ಕಚೇರಿಗಳಿಗೆ, 21ರ ರಾತ್ರಿಯೊಳಗೆ ತೇಪೆ ಹಾಕಿ ಮುಗಿಸಿರೆಂದು ಆಜ್ಞೆ ಮಾಡಬೇಕಾಯಿತು. ತೇಪೆ ಬಂದು ಆಗಲೇ ಐದು ವಾರ ಕಳೆದಿತ್ತೆಂಬುದನ್ನು ವಾಚಕರು ಗಮನಿಸಬೇಕು.

ಇಷ್ಟು ತಡವೇಕೆ? ಇದು ಬರಿಯ ಸೋಮಾರಿತನವಲ್ಲ. ತೇಪೆ ಹಾಕಲು ಯಂತ್ರವನ್ನು ನಿಲ್ಲಿಸಿ ಮತ್ತೆ ಹೊರಡಿಸಬೇಕು. ಹೊಸ ಪದ್ಧತಿಯನ್ನರಿಯದ ಹಳೆಯ ಯಂತ್ರಗಳು ಹೊರಗೇ ಉಳಿದು ಕೆಲಸ ಕೆಡಬಹುದು. ಅದಕ್ಕೆಂದೇ ಝೀರೋಲಾಗನ್ನಿನ ತೇಪೆಯನ್ನು ಎರಡು ಕಂತುಗಳಲ್ಲಿ ಕೊಟ್ಟರು. ಎರಡನೆಯದು ಬಂದದ್ದು 2021ರ ಫೆಬ್ರವರಿ 9ರಂದು. ಬಲ್ಲವರು ಮೊದಲು ದಫ್ತರದ ನಕಲು ತೆಗೆದಿಟ್ಟು, ಪರೀಕ್ಷೆಯ ಯಂತ್ರವೊಂದಕ್ಕೆ ತೇಪೆ ಹಚ್ಚಿ ನೋಡಿ, ಆಮೇಲೆ ಒಂದೊಂದೇ ಯಂತ್ರಕ್ಕೆ ಹಚ್ಚುತ್ತಾರೆ.

ಇದು ಒಮ್ಮೆಗೇ ಮುಗಿಯುವ ಕೆಲಸವೂ ಅಲ್ಲ. 2024ರ ಡಿಸೆಂಬರ್ 10ರಂದು ವಿಂಡೋಸಿನ ಎಲ್‌ಡ್ಯಾಪ್ ಭಾಗದಲ್ಲಿಯೇ ಮತ್ತೆ ಬಿರುಕುಗಳಿಗೆ ತೇಪೆ ಬಂತು. ಮೂರು ವಾರದ ಮೇಲೆ, 2025ರ ಹೊಸ ವರ್ಷದ ದಿನವೇ, ತೇಪೆಯಿಲ್ಲದ ಯಂತ್ರವನ್ನು ದೂರದಿಂದಲೇ ಕೆಡವುವ ಬಗೆಯನ್ನು ಸೇಫ್‌ಬ್ರೀಚ್ ಸಂಸ್ಥೆಯ ಸಂಶೋಧಕರು ತೋರಿಸಿಕೊಟ್ಟರು. ತೇಪೆ ಹೊರಟ ದಿನಕ್ಕೂ ಅದನ್ನು ಹಚ್ಚಿದ ದಿನಕ್ಕೂ ನಡುವಿನ ಅವಧಿಯೇ ನಿಜವಾದ ಗಂಡಾಂತರ. ತೇಪೆಯನ್ನು ನೋಡಿಯೇ ಹರಕು ಎಲ್ಲಿತ್ತೆಂದು ಕಳ್ಳನೂ ಊಹಿಸಬಲ್ಲ.

ನಮ್ಮ ಬಂಧುಗಳಲ್ಲಿ ಸಣ್ಣ ಕಾರಖಾನೆ, ಶಾಲೆ, ಪತಸಂಸ್ಥೆ ನಡೆಸುವವರು ಅನೇಕರಿದ್ದಾರೆ. ಅವರು ತಮ್ಮ ಯಂತ್ರ ನೋಡಿಕೊಳ್ಳುವವರನ್ನು ಮೂರು ಮಾತು ಕೇಳಲಿ. ಕಳೆದ ತಿಂಗಳ ತೇಪೆ ಬಿದ್ದಿದೆಯೇ? ದಫ್ತರದ ನಕಲು ಬೇರೊಂದು ಕಡೆ ಇದೆಯೇ? ಕೆಲಸ ಬಿಟ್ಟವರ ಹೆಸರುಗಳನ್ನು ತೆಗೆದದ್ದಾಗಿದೆಯೇ? ಅನಾಹುತವಾದರೆ ಮುಚ್ಚಿಡಬಾರದು. ಕೇಂದ್ರ ಸರಕಾರದ ಸರ್ಟ್-ಇನ್ ಸಂಸ್ಥೆ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದಂತೆ, ಇಂಥ ಘಟನೆಗಳನ್ನು ತಿಳಿದ ಆರು ತಾಸಿನೊಳಗೆ ವರದಿ ಮಾಡಬೇಕು.

ಮೈಕ್ರೋಸಾಫ್ಟಿನ ತೇಪೆಗಳು ಹೊರಡುವುದು ತಿಂಗಳ ಎರಡನೆಯ ಮಂಗಳವಾರ. ಪುಣೆಯಲ್ಲಿ ಆಗ ಊಟ ಮುಗಿದು ಮಲಗುವ ಹೊತ್ತು. ಅವುಗಳನ್ನು ಹಚ್ಚುವ ಕೆಲಸ ಎಷ್ಟೋ ಸಲ ಕಚೇರಿ ಖಾಲಿಯಿರುವ ಶನಿವಾರಕ್ಕೆ ಬೀಳುತ್ತದೆ. “ರಜೆಯ ದಿನವೂ ಇದೇನು ಕೆಲಸವೋ!” ಎಂದು ಮನೆಯ ಹಿರಿಯರು ಗೊಣಗುವುದುಂಟು. ಆದರೆ ಕಾಸ್ಮಾಸ್ ಬ್ಯಾಂಕಿನ ಮೇಲೆ ಕಳ್ಳರು ಬಿದ್ದದ್ದೂ ರಜೆಯ ದಿನವೇ ಅಲ್ಲವೇ?

ನಮ್ಮ ಅಜ್ಜಿಯರು ಹೊಲಿದ ಕೌದಿಗಳನ್ನು ನೆನೆಯಿರಿ. ಹರಿದಲ್ಲೆಲ್ಲ ಆಗಿಂದಾಗ ತೇಪೆ ಬಿದ್ದದ್ದರಿಂದಲೇ ಅವು ಮೊಮ್ಮಕ್ಕಳ ಕಾಲದವರೆಗೂ ಚಳಿ ಕಾಯ್ದವು. ಮಗನೋ ಮಗಳೋ ಸೊಸೆಯೋ ಶನಿವಾರ ತಡವಾಗಿ ಬಂದರೆ ಸಿಡುಕದೆ ಒಂದು ರೊಟ್ಟಿ ಬಿಸಿ ಮಾಡಿ ಬಡಿಸಿರಿ. ಅಷ್ಟು ಹೊತ್ತೂ ಅವರು ಯಾರದೋ ಕೌದಿಗೆ ತೇಪೆ ಹಚ್ಚುತ್ತಿದ್ದಿರಬಹುದು.