ಮೂಲೆಯಲ್ಲಿ ಯಂತ್ರ, ಮೂಗು ದಿಂಬಿನಲ್ಲಿ!

ದಾವಣಗೆರೆಯಲ್ಲಿ ಸೀನುವವರಿಗೇನೂ ಬರವಿಲ್ಲ. ಖಾಲಿ ಸೈಟು ಕಂಡಲ್ಲೆಲ್ಲ ಕಾಂಗ್ರೆಸ್ ಗಿಡ, ಅಗೆದ ರಸ್ತೆಯ ಧೂಳು, ಮಂಡಕ್ಕಿ ಭಟ್ಟಿ ಕಡೆಯ ಹೊಗೆ. ದೊಡ್ಡವರಿಗೆ ಎದ್ದ ಕೂಡಲೇ ಇಪ್ಪತ್ತು ಸೀನು, ಮಕ್ಕಳಿಗೆ ರಾತ್ರಿಯೆಲ್ಲ ಉಬ್ಬಸ. ಇಂಥ ಮನೆಗಳಿಗೀಗ ಹೊಸ ದೇವರು ಬಂದಿದ್ದಾನೆ: ಏರ್ ಪ್ಯೂರಿಫೈಯರ್! ಕಂತಿನ ಮೇಲೂ ಸಿಗ್ತದೆ. ಕೊಳ್ಳಬಹುದೇ? ಕೊಳ್ಳಬಹುದು. ಆದರೆ ಅಂಗಡಿಯವನು ಹೇಳದ ನಾಲ್ಕು ಮಾತು ಕೇಳಿಕೊಂಡು ಹೋಗಿ ಸ್ವಾಮಿ.

ಪೆಟ್ಟಿಗೆಯೊಳಗೆ ಮುಖ್ಯವಾಗಿ ಇರುವುದು ಒಂದು ಫ್ಯಾನು, ಒಂದು ಜರಡಿ. ಜರಡಿ ಅಸಲಿ 'ಹೆಪಾ' ಆಗಿದ್ದರೆ 0.3 ಮೈಕ್ರಾನಿನ ಕಣಗಳನ್ನೂ ನೂರಕ್ಕೆ 99.97ರಷ್ಟು ಹಿಡಿಯುತ್ತದೆ. ಪರಾಗ, ಹೊಗೆಯ ಕಣ ಎಲ್ಲ ಸಿಕ್ಕಿಬೀಳುತ್ತವೆ. ಸುಳ್ಳಲ್ಲ. ಆದರೆ ಗಾಳಿಯಲ್ಲಿ ತೇಲುವುದಷ್ಟೇ ಅದರ ಪಾಲಿಗೆ.

ಎಷ್ಟೋ ಮನೆಗಳಲ್ಲಿ ದೊಡ್ಡ ಕಳ್ಳ ತೇಲುವುದೇ ಇಲ್ಲ, ಹಾಸಿಗೆಯಲ್ಲಿ ಮಲಗಿದ್ದಾನೆ! ಡಸ್ಟ್ ಮೈಟ್ ಎಂಬ ಈ ಧೂಳುಹುಳ ಬರಿಗಣ್ಣಿಗೆ ಕಾಣುವುದೇ ಕಷ್ಟ. ನಮ್ಮ ಮೈಯಿಂದ ಉದುರುವ ಚರ್ಮದ ಹೊಟ್ಟೇ ಅದರ ಊಟ, ಅದರ ಹಿಕ್ಕೆಯೇ ನಮ್ಮ ಸೀನಿಗೆ ಮೂಲ. ಹಾಸಿಗೆ ಕೊಡವಿದಾಗ ಮೇಲೇಳುತ್ತದೆ, ಸ್ವಲ್ಪ ಹೊತ್ತಿಗೇ ಮತ್ತೆ ಕೂರುತ್ತದೆ. ಮೂಲೆಯ ಯಂತ್ರ ಅದನ್ನು ಹಿಡಿಯುವುದೆಂತು? ವಾರಕ್ಕೊಮ್ಮೆ ದಿಂಬಿನ ಚೀಲ, ಹೊದಿಕೆಗಳನ್ನು 60 ಡಿಗ್ರಿ ಬಿಸಿನೀರಲ್ಲಿ ಒಗೆದು ಬಿಸಿಲಿಗೆ ಹಾಕಿ. ಕಸ ಗುಡಿಸುವ ಬದಲು ಒದ್ದೆ ಬಟ್ಟೆಯಲ್ಲಿ ಒರೆಸಿ. ಇದಕ್ಕೆ ಕಂತು ಕಟ್ಟಬೇಕಾಗಿಲ್ಲ.

ಇನ್ನೊಂದು ತಮಾಷೆ ನೋಡ್ರೀ. ಯಂತ್ರ ಒಂದು ಕಡೆ ಗುಂಯ್ ಅಂತಿರ್ತದೆ, ಪಕ್ಕದಲ್ಲೇ ಸೊಳ್ಳೆಬತ್ತಿ ಹೊಗೆಯಾಡ್ತಿರ್ತದೆ, ಬಾಗಿಲು ಹಾರುಹೊಡೆದಿರ್ತದೆ! ಅದು ಬಾಗಿಲು ಹಾಕಿದ ಒಂದು ಕೋಣೆಗೆ ಮಾತ್ರ. 10 ಅಡಿಗೆ 12 ಅಡಿಯ, 10 ಅಡಿ ಎತ್ತರದ ಕೋಣೆಯ ಗಾಳಿ ಗಂಟೆಗೆ ಐದು ಸಲ ಸೋಸಬೇಕೆಂದರೆ ಗಂಟೆಗೆ ಸುಮಾರು 170 ಘನ ಮೀಟರ್ ಶಕ್ತಿ ಬೇಕು. ಡಬ್ಬಿಯ ಮೇಲೆ 'ಸಿ.ಎ.ಡಿ.ಆರ್.' ಅಂತ ಬರೆದಿರುತ್ತದೆ, ಓದಿ. ಓಝೋನ್ ಬಿಡುವ ಯಂತ್ರವಾದರೆ ಮುಟ್ಟಲೇಬೇಡಿ. ಆ ಅನಿಲವೇ ಉಬ್ಬಸದ ಎದೆಗೆ ವಿಷ. ಹೊಸ ಜರಡಿಗೆಷ್ಟು, ಎಷ್ಟು ತಿಂಗಳಿಗೆ ಬದಲಿಸಬೇಕು, ಇದನ್ನು ಯಂತ್ರದ ಬೆಲೆಗಿಂತ ಮೊದಲು ಕೇಳಿ.

ಎಲ್ಲಕ್ಕಿಂತ ಅಪಾಯ ಬೇರೆ ಇದೆ. ಯಂತ್ರ ಬಂತಲ್ಲ ಅಂತ ಮಗುವಿನ ಇನ್‌ಹೇಲರ್ ನಿಲ್ಲಿಸಿಬಿಡುವುದು! ಡಾಕ್ಟರು ಹೇಳದೆ ಖಂಡಿತ ಆ ಕೆಲಸ ಬೇಡ. ಉಬ್ಬಸ ಕೆರಳಿದರೆ ಜೀವಕ್ಕೇ ಸಂಚಕಾರ.

ಇನ್ನು ಕಾಂಗ್ರೆಸ್ ಗಿಡ. ಒಂದು ಗಿಡ ಸಾವಿರಾರು ಬೀಜ ಉದುರಿಸುತ್ತದೆ. ಇದನ್ನು ತಿನ್ನಿಸಲೆಂದೇ 1983ರಲ್ಲಿ ಮೆಕ್ಸಿಕೋದಿಂದ ಬೆಂಗಳೂರಿಗೆ ದುಂಬಿ ತರಿಸಿದರು. ದುಂಬಿ ತಿನ್ನುತ್ತಲೇ ಇದೆ, ಗಿಡ ಬೆಳೆಯುತ್ತಲೇ ಇದೆ. ಸೈಟು ಕೊಂಡು ಬೇಲಿ ಹಾಕಿ ಊರು ಬಿಟ್ಟ ಮಾಲೀಕರೇ, ಮಳೆ ಬಿದ್ದು ಹೂ ಬಿಡುವ ಮೊದಲೇ ಒಂದಿಬ್ಬರು ಆಳು ಹಚ್ಚಿ ಕೀಳಿಸಿ. ಆಳುಗಳ ಕೈಗೆ ಚೀಲ, ಮೂಗಿಗೆ ಬಟ್ಟೆ ಕೊಡುವುದನ್ನು ಮರೀಬೇಡಿ. ಅವರಿಗೂ ಮೈ ಕೆರೆಯುತ್ತದೆ, ಅವರೂ ಸೀನುತ್ತಾರೆ.