ಅಧಿಕಾರ ಕೊಟ್ಟರಾ, ಬರೀ ಕೆಲಸ ಹಚ್ಚಿದರಾ?

ನಮ್ಮೂರ ಗ್ರಾಮಸಭೆಯಲ್ಲಿ ಎದ್ದು ನಿಂತು, ಶಾಲೆಗೆ ಮೇಷ್ಟ್ರು ಯಾಕಿಲ್ಲ ಅಂತ ಕೇಳಿದೆ. ‘ಅದು ನಮ್ಮ ಕೈಲಿಲ್ಲ, ಮೇಲಿಂದ ಬರಬೇಕು’ ಅಂದರು ಅಧ್ಯಕ್ಷರು. ಆದರೆ ಪಂಚಾಯತಿಗಳಿಗೆ ಕೊಡಬಹುದಾದ 29 ವಿಷಯಗಳ ಪಟ್ಟಿ ಸಂವಿಧಾನದ 11ನೇ ಅನುಸೂಚಿಯಲ್ಲಿದೆ, ಶಾಲಾ ಶಿಕ್ಷಣವೂ ಅದರಲ್ಲಿದೆ. ಮತ್ತೆ ಎಡವಿದ್ದೆಲ್ಲಿ?

ಎರಡು ಇಂಗ್ಲಿಷ್ ಪದಗಳ ನಡುವೆ.

ಮೊದಲನೆಯದು ‘ಡೆಲಿಗೇಟ್’. ನನ್ನ ಕೆಲಸವನ್ನು ನಿಮಗೆ ಒಪ್ಪಿಸುತ್ತೇನೆ, ಅಧಿಕಾರ ಮಾತ್ರ ನನ್ನದೇ. ಬೇಕೆಂದಾಗ ವಾಪಸ್ ತಗೋತೀನಿ. ಎಡವಟ್ಟಾದರೆ ಕೊನೆಯ ಹೊಣೆಯೂ ನನ್ನದೇ.

ಎರಡನೆಯದು ‘ಡಿವಾಲ್ವ್’. ಲ್ಯಾಟಿನ್ ಮೂಲದ ಅರ್ಥ, ಕೆಳಕ್ಕೆ ಉರುಳಿಸು. ಇಲ್ಲಿ ಕೆಲಸದ ಜೊತೆ ತೀರ್ಮಾನ, ದುಡ್ಡು, ಸಿಬ್ಬಂದಿ ಎಲ್ಲವೂ ಕಾನೂನಿನ ಮೂಲಕವೇ ಕೆಳಗಿಳಿಯಬೇಕು. ಆಗ ಪಂಚಾಯತಿ ಉತ್ತರ ಕೊಡಬೇಕಾದ್ದು ಮೇಲಿನವರಿಗಲ್ಲ, ಮತ ಹಾಕಿದವರಿಗೆ.

ಕನ್ನಡದಲ್ಲಿ ಎರಡಕ್ಕೂ ‘ಅಧಿಕಾರ ವಹಿಸು’ ಅಂದುಬಿಡ್ತೀವಿ. ವ್ಯತ್ಯಾಸ ಅಲ್ಲೇ ಮಾಯ.

1993ರಲ್ಲಿ ಜಾರಿಗೆ ಬಂದ 73ನೇ ತಿದ್ದುಪಡಿಯೂ ಒಂದು ಕಿಂಡಿ ಬಿಟ್ಟಿದೆ. 243ಜಿ ವಿಧಿಯ ಪ್ರಕಾರ ರಾಜ್ಯ ಶಾಸಕಾಂಗ ಪಂಚಾಯತಿಗಳಿಗೆ ಅಧಿಕಾರ ಕೊಡ‘ಬಹುದು’, ಕೊಡ‘ಲೇಬೇಕು’ ಅಂತಿಲ್ಲ. ಹಾಗಾಗಿ ಭಾಷಣದಲ್ಲಿ ಡಿವಾಲ್ವ್, ಕಡತದಲ್ಲಿ ಡೆಲಿಗೇಟ್.

ಆಗದ ಮಾತು ಅಂತೇನಲ್ಲ. ಈ ತಿದ್ದುಪಡಿಗೂ ಮೊದಲೇ, ಅಬ್ದುಲ್ ನಜೀರ್ ಸಾಬ್ ಮಂತ್ರಿಯಾಗಿದ್ದಾಗ, ಇದೇ ಕರ್ನಾಟಕ ಜಿಲ್ಲಾ ಪರಿಷತ್ ಅಧ್ಯಕ್ಷರಿಗೆ ರಾಜ್ಯ ಸಚಿವರ ದರ್ಜೆ ಕೊಟ್ಟಿತ್ತು. ಅದೇ ರಾಜ್ಯದಲ್ಲಿ 2021ರಲ್ಲಿ ಅವಧಿ ಮುಗಿದ ಜಿಲ್ಲಾ ಪಂಚಾಯತಿಗಳು ವರ್ಷಗಟ್ಟಲೆ ಚುನಾವಣೆಯಿಲ್ಲದೆ ಅಧಿಕಾರಿಗಳ ಕೈಲಿದ್ದವು.

ಮುಂದಿನ ಸಲ ಯಾರಾದರೂ ‘ಅಧಿಕಾರ ವಿಕೇಂದ್ರೀಕರಣ’ ಅಂದರೆ ಒಂದೇ ಪ್ರಶ್ನೆ ಕೇಳಿ: ಕೊಟ್ಟಿದ್ದನ್ನ ನಾಳೆ ಒಂದು ಆದೇಶದಲ್ಲಿ ಕಿತ್ತುಕೊಳ್ಳೋಕಾಗುತ್ತಾ?

ಆಗುತ್ತೆ ಅಂದರೆ, ಅವರು ಕೊಟ್ಟಿಲ್ಲ. ಕೆಲಸ ಹಚ್ಚಿದ್ದಾರೆ ಅಷ್ಟೇ.