ಪಾಲೋ ಸಂಬಳವೋ?

ಕಳೆದ ವರ್ಷ ವಿದ್ಯಾರ್ಥಿವೇತನಕ್ಕೆಂದು ಒಂದು ಅರ್ಜಿಯನ್ನು ತುಂಬಬೇಕಾಗಿ ಬಂದಿತು. ಹೆಸರು, ಊರು, ಅಂಕಗಳು ಎಲ್ಲ ಸುಲಭವಾಗಿ ಮುಗಿದುವು. ಮುಂದೆ ‘ತಂದೆಯ ಉದ್ಯೋಗದಾತರ ಹೆಸರು’ ಎಂದೂ ‘ತಂದೆಯ ಮಾಸಿಕ ವೇತನ’ ಎಂದೂ ಎರಡು ಕಲಮುಗಳಿದ್ದುವು. ಅಲ್ಲಿ ನನ್ನ ಲೇಖನಿ ನಿಂತಿತು. ನನ್ನ ತಂದೆಯವರು ಮೀನು ಹಿಡಿಯುವ ಬೋಟಿನಲ್ಲಿ ಖಲಾಸಿ. ಸಂಜೆ ಮನೆಗೆ ಹೋಗಿ ಅವರನ್ನೇ ಕೇಳಿದೆನು. “ಸಂಬಳವೆಲ್ಲಿದೆ ತಮಾ? ನಮಗೆ ಪಾಲು” ಎಂದರು. ಹಾಗಾದರೆ ಬೋಟಿನ ಮಾಲಿಕರು ನಿಮ್ಮ ಉದ್ಯೋಗದಾತರು ಹೌದೋ ಅಲ್ಲವೋ ಎಂದು ಕೇಳಿದುದಕ್ಕೆ ಸ್ವಲ್ಪ ಹೊತ್ತು ಯೋಚಿಸಿ, “ಅವರು ಬೋಟು ಹಾಕಿದ್ದಾರೆ, ನಾವು ಮೈ ಹಾಕಿದ್ದೇವೆ” ಎಂದುಬಿಟ್ಟರು. ಅರ್ಜಿಯ ಕಲಮಿನಲ್ಲಿ ಬರೆಯುವಂಥ ಉತ್ತರ ಅದಾಗಿರಲಿಲ್ಲ.

ಅದೇ ದಿನಗಳಲ್ಲಿ ವಾಣಿಜ್ಯ ವಿಭಾಗದ ಗೆಳೆಯನೊಬ್ಬನಿಂದ ‘ಮಾನವ ಸಂಪನ್ಮೂಲ ನಿರ್ವಹಣೆ’ಯ ಪಠ್ಯಪುಸ್ತಕವನ್ನು ಎರವಲು ತಂದು ಓದುತ್ತಿದ್ದೆನು. ಕೆಲಸಕ್ಕೆ ಜನರನ್ನು ಹೇಗೆ ಆರಿಸಬೇಕು, ಹೇಗೆ ತರಬೇತು ಮಾಡಬೇಕು, ಏನು ಕೊಡಬೇಕು, ಹೇಗೆ ಉಳಿಸಿಕೊಳ್ಳಬೇಕು ಎಂಬುದನ್ನು ವಿಚಾರಮಾಡುವ ಶಾಸ್ತ್ರವಿದು. ಪುಸ್ತಕದ ತುಂಬ ಕಾರ್ಖಾನೆಗಳೂ ಕಛೇರಿಗಳೂ ಇದ್ದುವು. ಬೋಟು ಒಂದೂ ಇರಲಿಲ್ಲ. ಆದರೆ ಓದುತ್ತ ಹೋದಂತೆ ಈ ಶಾಸ್ತ್ರದ ದೊಡ್ಡ ದೊಡ್ಡ ವಾದಗಳೆಲ್ಲ ಭಟ್ಕಳದ ತೆಂಗಿನಗುಂಡಿಯಲ್ಲಿ, ಹೊನ್ನಾವರದ ಕಾಸರಕೋಡಿನಲ್ಲಿ, ಕುಮಟೆಯ ತದಡಿಯಲ್ಲಿ ಬೇರೆ ಮಾತುಗಳಲ್ಲಿ ನಡೆಯುತ್ತಲೇ ಇವೆಯೆಂದು ನನಗೆ ತೋರಿತು. ಆ ತೋರಿಕೆಯನ್ನೇ ಇಲ್ಲಿ ವಾಚಕರ ಮುಂದಿಡುತ್ತಿದ್ದೇನೆ.

ಮೊದಲು ವಾದ ಯಾವುದೆಂಬುದನ್ನು ಹೇಳಬೇಕು. ಅಮೆರಿಕದ ಫ್ರೆಡರಿಕ್ ಟೇಲರ್ ಎಂಬಾತನು 1911ರಲ್ಲಿ ಪ್ರಕಟಿಸಿದ ವೈಜ್ಞಾನಿಕ ನಿರ್ವಹಣೆಯ ಗ್ರಂಥದಲ್ಲಿ, ಕೆಲಸವನ್ನು ಗಡಿಯಾರ ಹಿಡಿದು ಅಳೆದು, ಅಳತೆಗೆ ತಕ್ಕಂತೆ ಕೂಲಿ ಕೊಟ್ಟರೆ ಮಾಲಿಕನಿಗೂ ಆಳಿಗೂ ಒಳಿತೆಂದು ಸಾಧಿಸಿದನು. ಯೋಚಿಸುವುದು ಮೇಲಿನವರ ಪಾಲಿಗೆ, ದುಡಿಯುವುದು ಕೆಳಗಿನವರ ಪಾಲಿಗೆ. ಬಹುಕಾಲದ ತರುವಾಯ, 1984ರಲ್ಲಿ, ಅಮೆರಿಕದ ಎರಡು ವಿಶ್ವವಿದ್ಯಾನಿಲಯಗಳ ಕಡೆಯಿಂದ ಎರಡು ಬೇರೆ ಬೇರೆ ಮಾತುಗಳು ಹೊರಟುವು. ಮಿಶಿಗನ್ನಿನ ಪಂಥವು ಮನುಷ್ಯನೂ ಒಂದು ಸಂಪನ್ಮೂಲ, ಸಂಸ್ಥೆಯ ಗುರಿಗೆ ತಕ್ಕಂತೆ ಅವನನ್ನು ಲೆಕ್ಕಹಾಕಿ ಬಳಸಬೇಕೆಂದಿತು. ಹಾರ್ವರ್ಡಿನ ಮೈಕೆಲ್ ಬಿಯರ್ ಮತ್ತು ಅವರ ಸಂಗಡಿಗರು, ದುಡಿಯುವವನಿಗೂ ಸಂಸ್ಥೆಯಲ್ಲಿ ಒಂದು ಹಿತವಿದೆ, ಅವನ ಮಾತಿಗೂ ಅಲ್ಲಿ ಬೆಲೆಯಿರಬೇಕು, ಆಗಲೇ ಅವನಲ್ಲಿ ನಿಷ್ಠೆ ಹುಟ್ಟುತ್ತದೆ ಎಂದರು. ಆಮೇಲಿನವರು ಮೊದಲನೆಯದನ್ನು ಗಡಸು ಪಂಥವೆಂದೂ ಎರಡನೆಯದನ್ನು ಮೃದು ಪಂಥವೆಂದೂ ಕರೆದರು. ಆಳು ಖರ್ಚಿನ ಬಾಬೋ, ಪಾಲುದಾರನೋ? ವಾದದ ತಿರುಳು ಇಷ್ಟೆ.

ನಮ್ಮ ಕಡಲತಡಿಯಲ್ಲಿ ಈ ಪ್ರಶ್ನೆಗೆ ಹಿಂದೆ ಉತ್ತರ ಸ್ಪಷ್ಟವಾಗಿತ್ತು. ರಂಪಣಿಯ ಕಾಲವನ್ನು ಹಿರಿಯರು ಈಗಲೂ ನೆನೆಯುತ್ತಾರೆ. ರಂಪಣಿಯೆಂದರೆ ದಡದಿಂದ ಎಳೆಯುವ ಬಹುದೊಡ್ಡ ಬಲೆ. ಬಂಗಡೆ, ತಾರ್ಲೆಗಳ ಹಿಂಡು ದಡದ ಹತ್ತಿರ ಬಂದುದನ್ನು ಕಂಡೊಡನೆ ದೋಣಿಯಲ್ಲಿ ಬಲೆಯನ್ನು ಸುತ್ತು ಹಾಕಿ ಬಂದು, ಎರಡು ತುದಿಗಳನ್ನೂ ಹತ್ತಾರು ಮಂದಿ ಮರಳಿನ ಮೇಲೆ ನಿಂತು ಎಳೆಯುತ್ತಿದ್ದರು. ಬಲೆ ಒಬ್ಬನದಾಗಿರಲಿಲ್ಲ, ತುಂಡು ತುಂಡಾಗಿ ಹಲವರದು. ಬಲೆಗೆ ಪಾಲು, ದೋಣಿಗೆ ಪಾಲು, ಎಳೆದ ಕೈಗಳಿಗೆ ಪಾಲು. ಹಂಚಿಕೆಯು ಎಲ್ಲರ ಕಣ್ಣೆದುರಿಗೇ, ಮೀನಿನ ರಾಶಿಯ ಪಕ್ಕದಲ್ಲೇ ಆಗುತ್ತಿತ್ತು. 1970ರ ದಶಕದ ಮಧ್ಯದಲ್ಲಿ ಪರ್ಸಿನ್ ಬೋಟುಗಳು ಬಂದುವು. ಮೀನು ದಡಕ್ಕೆ ಬರುವ ಮುನ್ನವೇ ಕಡಲೊಳಗೆ ಅದನ್ನು ಸುತ್ತಿಕೊಂಡುದರಿಂದ ರಂಪಣಿಯು ಕೆಲವೇ ವರ್ಷಗಳಲ್ಲಿ ಬಡವಾಯಿತು. ನಾನು ಆ ಕಾಲವನ್ನು ಕಂಡವನಲ್ಲ. ಅದರಲ್ಲಿ ಜಗಳವೇ ಇರಲಿಲ್ಲವೆಂದು ನಂಬುವವನೂ ಅಲ್ಲ.

ಬೋಟು, ಎಂಜಿನು, ಡೀಸೆಲ್, ಐಸು ಎಲ್ಲಕ್ಕೂ ಹಣ ಬೇಕಾದಾಗ ಹಣ ಹಾಕಿದವನು ಮಾಲಿಕನಾದನು. ಆದರೆ ಪಾಲಿನ ಪದ್ಧತಿ ಮಾತ್ರ ಹಾಗೆಯೇ ಉಳಿಯಿತು. ಇಲ್ಲಿಯೇ ವಿಷಯದ ಗಂಟಿರುವುದರಿಂದ ಲೆಕ್ಕವನ್ನು ಸ್ವಲ್ಪ ಬಿಡಿಸಿ ನೋಡಬೇಕು. ಬೋಟಿನಿಂದ ಬೋಟಿಗೆ ಕ್ರಮ ಬೇರೆ; ಕೆಳಗಿನ ಅಂಕೆಗಳು ತಿಳಿವಳಿಕೆಗಾಗಿ ನಾನೇ ಹಿಡಿದವು.

ಒಂದು ಟ್ರಿಪ್ಪಿನ ಮೀನು 1,00,000 ರೂಪಾಯಿಗೆ ಹರಾಜಾಯಿತೆನ್ನೋಣ. ಡೀಸೆಲ್, ಐಸು, ಊಟದ ಸಾಮಾನು ಮುಂತಾದ ಖರ್ಚು 40,000. ಖರ್ಚನ್ನು ಮೊದಲು ಕಳೆದು ಉಳಿದ 60,000ವನ್ನು ಸರಿಪಾಲು ಮಾಡಿದರೆ ಬೋಟಿಗೆ 30,000, ಆಳುಗಳಿಗೆ 30,000. ತಾಂಡೇಲನಿಗೆ ಎರಡು ಪಾಲು, ಎಂಟು ಖಲಾಸಿಗಳಿಗೆ ಒಂದೊಂದು. ಅಂದರೆ ಹತ್ತು ಪಾಲು. ಪಾಲಿಗೆ 3,000 ಬಂದಿತು. ಇನ್ನು ಹರಾಜಾದ ಹಣವನ್ನೇ ಮೊದಲು ಅರ್ಧ ಮಾಡಿ ಖರ್ಚನ್ನು ಬೋಟಿನ ಪಾಲಿನಲ್ಲಿ ಕಳೆದರೆ ಪಾಲಿಗೆ 5,000 ಆಗುತ್ತದೆ. ಎರಡರಲ್ಲಿಯೂ ‘ಅರ್ಧ ನಿಮಗೆ, ಅರ್ಧ ನಮಗೆ’ ಎಂಬ ಮಾತೇ. ಯಾವುದನ್ನು ಮೊದಲು ಕಳೆಯಬೇಕು ಎಂಬುದರಲ್ಲಿ ಮನೆಯೊಂದರ ವಾರದ ಅಕ್ಕಿ ಅಡಗಿದೆ.

ಮೀನೇ ಸಿಗದ ಟ್ರಿಪ್ಪನ್ನು ನೋಡಿರಿ. ಆಳಿಗೆ ಬಂದುದು ಸೊನ್ನೆ. ಮಾಲಿಕನಿಗೆ 40,000 ಕೈಬಿಟ್ಟಿತು. ಅವನ ಸಾಲಕ್ಕೆ ಬಡ್ಡಿ ನಿಲ್ಲುವುದಿಲ್ಲವಾದ್ದರಿಂದ ಅವನ ಸಂಕಟವೂ ಸುಳ್ಳಲ್ಲ. ಆದರೆ ಈ ನಷ್ಟವನ್ನು ಮುಂದಿನ ಟ್ರಿಪ್ಪಿಗೆ ಎಳೆದು, ಆಗ ಬಂದ 1,00,000ದಲ್ಲಿ ಎರಡೂ ಖರ್ಚನ್ನು ಕಳೆದರೆ ಉಳಿಯುವುದು 20,000. ಪಾಲಿಗೆ 1,000 ಮಾತ್ರ. ಸೊನ್ನೆಯ ದಿನ ದುಡಿದವನು ಆ ದಿನದ ಡೀಸೆಲ್ಲಿಗೂ ಅರ್ಧ ಕೊಟ್ಟಂತಾಯಿತು. ಲಾಭದಲ್ಲಿ ಪಾಲೆಂದು ನಾವು ಹೇಳುವುದು ನಷ್ಟದಲ್ಲಿಯೂ ಪಾಲೇ.

ಅರ್ಥಶಾಸ್ತ್ರಜ್ಞ ಮಾರ್ಟಿನ್ ವೈಟ್ಸ್‌ಮನ್ ಎಂಬವರು, ಅದೇ 1984ರಲ್ಲಿ, ಪಾಲಿನ ಆರ್ಥಿಕ ವ್ಯವಸ್ಥೆಯನ್ನು ಕುರಿತು ಒಂದು ಪುಸ್ತಕ ಬರೆದರು. ನಿಗದಿಯಾದ ಸಂಬಳಕ್ಕೆ ಬದಲು ಆದಾಯದಲ್ಲಿ ಪಾಲು ಕೊಟ್ಟರೆ ಕೆಟ್ಟ ಕಾಲದಲ್ಲಿಯೂ ಮಾಲಿಕರು ಆಳುಗಳನ್ನು ಬಿಡಿಸುವುದಿಲ್ಲ, ಹೊಸಬರನ್ನು ಸೇರಿಸಿಕೊಳ್ಳಲು ಹಿಂಜರಿಯುವುದಿಲ್ಲ, ನಿರುದ್ಯೋಗ ಇಳಿಯುತ್ತದೆ ಎಂಬುದು ಅವರ ವಾದ. ನಮ್ಮ ಬೋಟುಗಳನ್ನು ನೋಡಿದರೆ ಇದರಲ್ಲಿ ನಿಜವಿದೆಯೆನ್ನಬೇಕು. ಮೇಲಿನ ಲೆಕ್ಕದಲ್ಲಿ ಇನ್ನಿಬ್ಬರನ್ನು ಹತ್ತಿಸಿಕೊಂಡರೆ ಊಟದ ಸಾಮಾನು ಬಿಟ್ಟರೆ ಮಾಲಿಕನಿಗೆ ಹೆಚ್ಚಿನ ಹೊರೆಯಿಲ್ಲ. ಆದರೆ ಹತ್ತು ಪಾಲು ಹನ್ನೆರಡಾಗಿ 3,000ವು 2,500ಕ್ಕೆ ಇಳಿಯುತ್ತದೆ. ಹೊಸಬನ ಅನ್ನವನ್ನು ಹಳಬನ ತಟ್ಟೆಯಿಂದ ತೆಗೆದುಕೊಟ್ಟಂತೆ. ಖಲಾಸಿಯ ಮಗನಾದ ನನಗೆ ಇದು ಬೇಗ ಕಂಡಿತು.

ಪಾಲಿನ ಗುಣವನ್ನೂ ಮರೆಯಬಾರದು. ಶಿಕಾಗೋ ನಗರದ ಬಳಿಯ ಹಾಥಾರ್ನ್ ಕಾರ್ಖಾನೆಯಲ್ಲಿ 1924ರಿಂದ 1932ರ ವರೆಗೆ ನಡೆದ ಪ್ರಯೋಗಗಳು ಈ ಶಾಸ್ತ್ರದಲ್ಲಿ ಬಹು ಪ್ರಸಿದ್ಧವಾಗಿವೆ. ಅಲ್ಲಿ ತಂತಿ ಜೋಡಿಸುವ ಒಂದು ಕೋಣೆಯಲ್ಲಿ, ಹೆಚ್ಚು ಕೆಲಸಕ್ಕೆ ಹೆಚ್ಚು ಹಣವೆಂದಿದ್ದರೂ, ಕೆಲಸಗಾರರು ತಮ್ಮೊಳಗೇ ಒಂದು ಮಿತಿಯನ್ನು ಇಟ್ಟುಕೊಂಡು ಅದನ್ನು ಮೀರಿದವನನ್ನು ಹಂಗಿಸುತ್ತಿದ್ದರಂತೆ. ಬೋಟಿನಲ್ಲಿ ಇದಕ್ಕೆ ವಿರುದ್ಧ. ಬಲೆ ಎಳೆಯುವಾಗ ಕೈ ಸಡಿಲಬಿಟ್ಟವನನ್ನು ತಾಂಡೇಲನು ಬೈಯುವ ಮೊದಲೇ ಪಕ್ಕದವನು ಬೈಯುತ್ತಾನೆ. ಕಾವಲಿಗೆ ಮೇಸ್ತ್ರಿ ಬೇಕಿಲ್ಲ. ಹಾರ್ವರ್ಡಿನವರು ಹಂಬಲಿಸಿದ ನಿಷ್ಠೆ ಇದೇ ಅಲ್ಲವೇ?

ಇಷ್ಟಾದರೂ ಮಾಲಿಕ, ಆಳು ಒಂದೇ ಕುಟುಂಬವೆಂದು ಹೇಳಬಹುದೆ? ಇಂಗ್ಲೆಂಡಿನ ಆಲನ್ ಫಾಕ್ಸ್ 1966ರಲ್ಲಿ ಈ ಮಾತನ್ನೇ ಎತ್ತಿಕೊಂಡರು. ಸಂಸ್ಥೆಯೆಂದರೆ ಒಂದೇ ಗುರಿಯ ಒಂದು ತಂಡವೆನ್ನುವುದು ಒಂದು ದೃಷ್ಟಿ. ಬೇರೆ ಬೇರೆ ಹಿತಗಳುಳ್ಳವರು ಮಾತುಕತೆಯಿಂದ ಒಟ್ಟಿಗಿರುವ ಕೂಟವೆನ್ನುವುದು ಇನ್ನೊಂದು. ಫಾಕ್ಸರು ಎರಡನೆಯದೇ ವಾಸ್ತವಕ್ಕೆ ಹತ್ತಿರವೆಂದರು. ‘ಒಂದೇ ದೋಣಿಯಲ್ಲಿರುವವರು’ ಎಂದು ಭಾಷಣಗಳಲ್ಲಿ ಕೇಳುತ್ತೇವಷ್ಟೆ. ನಿಜವಾದ ದೋಣಿಯಲ್ಲಿ ಬಹುಮಟ್ಟಿಗೆ ಮಾಲಿಕನು ದಡದಲ್ಲಿರುತ್ತಾನೆ!

ಅಪಾಯದ ದಿನ ಈ ವ್ಯತ್ಯಾಸ ಹೊರಬೀಳುತ್ತದೆ. 2018ರ ಡಿಸೆಂಬರಿನಲ್ಲಿ ಮಲ್ಪೆಯಿಂದ ಹೊರಟ ‘ಸುವರ್ಣ ತ್ರಿಭುಜ’ ಬೋಟು ಏಳು ಮಂದಿಯೊಡನೆ ಕಾಣೆಯಾದುದನ್ನು ವಾಚಕರು ಮರೆತಿರಲಾರರು. ಅವರಲ್ಲಿ ಐವರು ನಮ್ಮ ಉತ್ತರ ಕನ್ನಡದವರು. 2019ರ ಮೇ ತಿಂಗಳಲ್ಲಿ ಮಹಾರಾಷ್ಟ್ರದ ಮಾಲ್ವಣದಾಚೆಯ ಕಡಲಿನಲ್ಲಿ ಬೋಟಿನ ಅವಶೇಷ ಸಿಕ್ಕಿತು, ಜನರು ಸಿಗಲಿಲ್ಲ. ನಮ್ಮ ಮೂರು ತಾಲ್ಲೂಕುಗಳ ಗಂಡಸರು ಹೀಗೆ ಮಲ್ಪೆಗೂ ಮಂಗಳೂರಿಗೂ ಗೋವೆಗೂ ಬೋಟಿಗೆ ಹೋಗುವುದು ಮೊದಲಿನಿಂದಲೂ ಉಂಟು. ಅಂಥ ಮನೆಗಳಲ್ಲಿ ಆ ಚಳಿಗಾಲ ಹೇಗೆ ಕಳೆಯಿತೆಂಬುದನ್ನು ನಾನು ಬರೆಯಬೇಕಾಗಿಲ್ಲ.

ಸಣ್ಣ ಅಪಾಯಗಳಂತೂ ದಿನನಿತ್ಯದವು. ನನ್ನ ಚಿಕ್ಕಪ್ಪನ ಎರಡು ಬೆರಳುಗಳು ಬಲೆ ಎಳೆಯುವ ಹಗ್ಗಕ್ಕೆ ಸಿಕ್ಕಿ ಹೋದುವು. ಅವರ ಮಾಲಿಕರು ಆಸ್ಪತ್ರೆಯ ಖರ್ಚನ್ನು ಕೊಟ್ಟರು, ಮನೆಗೂ ಬಂದು ಹೋದರು. ಒಳ್ಳೆಯವರೆಂದು ನಮ್ಮ ಮನೆಯಲ್ಲಿ ಈಗಲೂ ಹೇಳುತ್ತಾರೆ. ನಾನೂ ಅಲ್ಲಗಳೆಯೆನು. ಆದರೆ ಅದು ಅವರು ಕೊಡಬೇಕಾದ ಹಣವಾಗಿತ್ತೋ, ಕೊಟ್ಟ ದಾನವಾಗಿತ್ತೋ? ಸಂಬಳದ ಆಳಾಗಿದ್ದರೆ ಪ್ರಶ್ನೆಯೇ ಏಳುತ್ತಿರಲಿಲ್ಲವೆಂದು ಚಿಕ್ಕಪ್ಪನ ಮಗನು ವಾದಿಸುತ್ತಾನೆ. ಪಾಲುದಾರನಾದವನು ಯಾರನ್ನು ಕೇಳಬೇಕು? ಈಗ ಈ ಹೊರೆಯ ಒಂದಂಶವನ್ನು ಸರಕಾರ ಹೊತ್ತಿದೆ. 2020ರಲ್ಲಿ ಆರಂಭವಾದ ಮತ್ಸ್ಯ ಸಂಪದ ಯೋಜನೆಯ ಗುಂಪು ವಿಮೆಯಲ್ಲಿ ಮೀನುಗಾರನು ಅಪಘಾತದಿಂದ ಸತ್ತರೆ 5 ಲಕ್ಷ ರೂಪಾಯಿ, ಶಾಶ್ವತವಾಗಿ ಭಾಗಶಃ ಅಂಗವಿಕಲನಾದರೆ 2.5 ಲಕ್ಷ. ಜೂನ್ 1ರಿಂದ ಜುಲೈ 31ರ ವರೆಗಿನ 61 ದಿನಗಳ ನಿಷೇಧದಲ್ಲಿ ಮಾತ್ರ ಪಾಲೂ ಇಲ್ಲ, ಸಂಬಳವೂ ಇಲ್ಲ. ಆಗ ಮನೆ ನಡೆಯುವುದು ಮುಂಬರುವ ಋತುವಿಗಾಗಿ ಮಾಲಿಕರು ಕೊಡುವ ಮುಂಗಡದಿಂದ.

ಈ ಮುಂಗಡವೂ ಒಂದು ವಿಚಿತ್ರ ವಸ್ತು. ಆಲ್ಬರ್ಟ್ ಹಿರ್ಶ್‌ಮನ್ ಎಂಬ ವಿದ್ವಾಂಸರು 1970ರಲ್ಲಿ, ಅತೃಪ್ತನಾದವನಿಗೆ ಎರಡು ದಾರಿಗಳಿವೆ, ಬಿಟ್ಟು ಹೋಗುವುದು ಒಂದು, ಇದ್ದು ಮಾತನಾಡುವುದು ಇನ್ನೊಂದು ಎಂದರು. ನಮ್ಮ ಖಲಾಸಿಯು ಸಾಮಾನ್ಯವಾಗಿ ಮಾತನಾಡುವುದಿಲ್ಲ. ಆಗಸ್ಟಿನಲ್ಲಿ ಬೇರೆ ಬೋಟು ಹತ್ತುತ್ತಾನೆ. ಮುಂಗಡ ಪಡೆದ ಮೇಲೆ ಆ ದಾರಿಯೂ ಮುಚ್ಚಿತು. ಮಾಲಿಕರನ್ನು ಕೇಳಿದರೆ, ಮುಂಗಡ ತೆಗೆದುಕೊಂಡು ಮುಖ ತೋರಿಸದವರ ಪಟ್ಟಿಯನ್ನೇ ಓದುತ್ತಾರೆ. ಎರಡೂ ನಿಜ.

ಈಚೆಗೆ ಒಡಿಶಾ, ಝಾರ್ಖಂಡ, ಆಂಧ್ರಗಳಿಂದ ಬಂದವರು ಬೋಟುಗಳಲ್ಲಿ ಹೆಚ್ಚುತ್ತಿದ್ದಾರೆ. ದೂರದ ಊರಿನಲ್ಲಿ ಮನೆಯುಳ್ಳವನಿಗೆ ತಿಂಗಳಿಗಿಷ್ಟೆಂಬ ಹಣವೇ ಹಿತ. ನಮ್ಮ ಹುಡುಗರೂ ಸಂಬಳವನ್ನೇ ಬಯಸುತ್ತಾರೆ; ಭಟ್ಕಳದ ನನ್ನ ಗೆಳೆಯರಿಗೆ ಗಲ್ಫಿನಿಂದ ತಿಂಗಳು ತಿಂಗಳು ಬರುವ ಹಣದ ಬೆಲೆ ಚೆನ್ನಾಗಿ ಗೊತ್ತು. ಅಪ್ಪನಿಗೆ ಮಾತ್ರ ಇದು ಒಗ್ಗುವುದಿಲ್ಲ. ಸಂಬಳಕ್ಕೆ ಹೋದರೆ ತಾನು ಆಳಾಗುತ್ತೇನೆಂಬ ಅಳುಕು.

ಪಾಲನ್ನು ಬಿಡಬೇಕೆಂದು ನಾನೂ ಹೇಳಲಾರೆ. ನನ್ನ ತಕರಾರು ಬೇರೆ. ರಂಪಣಿಯಲ್ಲಿ ಹಂಚಿಕೆ ಕಣ್ಣೆದುರಿಗಿತ್ತು. ಈಗ ಮೀನು ಹರಾಜಾಗುವುದು ಒಂದು ಕಡೆ, ಡೀಸೆಲ್ಲಿನ ಚೀಟಿ ಇನ್ನೊಂದು ಕಡೆ, ಲೆಕ್ಕದ ಪುಸ್ತಕ ಮತ್ತೊಂದು ಕಡೆ. ಮೀನಿನಲ್ಲಿ ಪಾಲುಳ್ಳವನಿಗೆ ಲೆಕ್ಕದಲ್ಲಿ ಪಾಲಿಲ್ಲ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯು 2007ರಲ್ಲಿ ಮೀನುಗಾರಿಕೆಯ ದುಡಿಮೆಯನ್ನು ಕುರಿತು ಮಾಡಿದ 188ನೆಯ ಒಡಂಬಡಿಕೆಯನ್ನು ಓದಿದಾಗ ನನಗೆ ಆಶ್ಚರ್ಯವಾಯಿತು. ಪಾಲಿಗೆ ದುಡಿಯುವವನನ್ನೂ ಅದು ಮೀನುಗಾರನೆಂದೇ ಎಣಿಸುತ್ತದೆ. ಅಷ್ಟೇ ಅಲ್ಲ, ಪಾಲು ಎಷ್ಟು, ಅದನ್ನು ಲೆಕ್ಕಹಾಕುವ ಕ್ರಮ ಯಾವುದು ಎಂಬುದು ಬರೆವಣಿಗೆಯ ಕರಾರಿನಲ್ಲಿರಬೇಕೆನ್ನುತ್ತದೆ. ನಮ್ಮ ತಂದೆಯವರಿಗೆ ಇದನ್ನು ಓದಿ ಹೇಳಿದೆನು. ಮುಂದಿನ ಆಗಸ್ಟಿನಲ್ಲಿ ಬೋಟು ಹತ್ತುವ ಮುನ್ನ, ಪ್ರತಿ ಟ್ರಿಪ್ಪಿನ ಖರ್ಚಿನ ಚೀಟಿಯನ್ನು ಆಳುಗಳಿಗೂ ತೋರಿಸಬೇಕೆಂದು ಮಾಲಿಕರನ್ನು ಕೇಳಿರಿ ಎಂದೆನು. ಅವರು ಬಲೆಯ ಹರಕನ್ನು ಹೊಲಿಯುತ್ತಿದ್ದವರು ತಲೆಯೆತ್ತದೆ, “ಕೇಳುವ ದಿವಸ ನೀನೂ ಬಾ” ಎಂದರು. ಹೋಗುವುದಾಗಿ ಒಪ್ಪಿದ್ದೇನೆ.